ನೆಲಕ್ಕೆ ಕೂರದ ಪೈಲವಾನ

"ಮೂರ ದಿನದಿಂದ ನೋಡಾಕತ್ತೇನ್ರಿ ಸಾಹೇಬ್ರ, ಈ ಮನಿಷ್ಯಾ ಒಂದ ಸಲನೂ ನೆಲಕ್ಕ ಕುಂತಿಲ್ಲ."

ಹವಾಲ್ದಾರ ನಬಿಸಾಬ ಇದನ್ನು ಹೇಳಿದ್ದು ದೂರಿನ ದನಿಯಲ್ಲಿ. ಆರೋಪಿಗಳು ಲಾಕಪ್ಪಿನ ನೆಲದ ಮೇಲೆ ಕೂರಬೇಕು, ಕಟ್ಟೆಯ ಮೇಲೆ ಕೂರುವುದು ಠಾಣೆಗೆ ಅವಮಾನ ಎಂಬುದು ಅವನ ಇಪ್ಪತ್ತೆರಡು ವರ್ಷದ ನೌಕರಿಯ ನಂಬಿಕೆ.

ಫೌಜದಾರ ಕಾಡಸಿದ್ದ ಮಗದುಮ್ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟ. ಗೋಡೆಯ ಗಡಿಯಾರ ಎಂಟು ಹತ್ತು ತೋರಿಸುತ್ತಿತ್ತು.

"ಊಟ?"

"ಮುಟ್ಟಿಲ್ರಿ. ಹೇಣ್ತಿ ಹೊಳೆವ್ವಬಾಯಿ ದಿನಾ ಎರಡ ಹೊತ್ತು ರೊಟ್ಟಿ ಬುಟ್ಟಿ ತರತಾಳ, ಹಂಗ ವಾಪಸ್ ಒಯ್ತಾಳ. ಬರೇ ಚಾ ಕುಡೀತಾನ, ಅದೂ ಕಟ್ಟಿ ಮ್ಯಾಲ ಕುಂತ. ಸಂಡಾಸಕ್ಕ ಹೋಗ ಅಂದ್ರ ಒಲ್ಲೆ ಅಂತಾನ. ಮೂರ ದಿನ ಆತ್ರಿ."

ರವಿವಾರ ಮುಂಜಾನೆ, ಇಡೀ ಊರು ಪಂಚಾಯತಿ ಕಟ್ಟೆಯ ಟಿ.ವಿ. ಮುಂದೆ ಕೂತಿದ್ದ ಹೊತ್ತಿನಲ್ಲಿ, ಸಾರಾಯಿ ಗುತ್ತಿಗೆದಾರ ವಿರುಪಾಕ್ಷಪ್ಪ ಗರಡಿಮನೆಯ ಕೆಮ್ಮಣ್ಣಿನ ಕಣದಲ್ಲಿ ಪಂಚಮಿ ಕಲ್ಲಿನಡಿ ಸಿಕ್ಕು ಸತ್ತಿದ್ದ. ಅಂದು ಸಂಜೆಯೇ ರಾವಸಾಹೇಬ ಪೈಲವಾನ "ನಾನ ಕೊಂದೇನಿ" ಎಂದಿದ್ದ.

ಅದೇ ಮಾತನ್ನು ಇಂದು ಹನ್ನೊಂದಕ್ಕೆ ಚಿಕ್ಕೋಡಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹೇಳುತ್ತಾನೆ. ಠಾಣೆಯಲ್ಲಿ ಹೇಳಿದ್ದನ್ನು ವಕೀಲನೊಬ್ಬ ಅಳಿಸಬಹುದು. ಅಲ್ಲಿ ಹೇಳಿದ್ದನ್ನು ದೇವರೂ ಅಳಿಸಲಾರ. ಕಸ್ಟಡಿಯ ಅವಧಿ ಇಂದಿಗೆ ಮುಗಿಯುತ್ತದೆ. ಜೀಪು ಹತ್ತಕ್ಕೆ ಹೊರಡಬೇಕು.

ಅಂದರೆ ಕಾಡಸಿದ್ದನ ಕೈಯಲ್ಲಿ ಉಳಿದದ್ದು ಎರಡು ತಾಸಿಗಿಂತ ಕಡಿಮೆ.

ಬೇರೆ ಯಾವ ಆರೋಪಿಯಾಗಿದ್ದರೂ ಕಾಡಸಿದ್ದ ಹೊಟ್ಟೆ ತುಂಬ ಉಂಡು ಜೀಪು ಹತ್ತುತ್ತಿದ್ದ. ಆದರೆ ರಾವಸಾಹೇಬ ಅವನ ವಸ್ತಾದ, ಕುಸ್ತಿ ಕಲಿಸಿದ ಗುರು. ಹದಿಮೂರರ ಹರೆಯದಲ್ಲಿ ಎಲುಬಿನ ಗೂಡಾಗಿ ಗರಡಿಗೆ ಹೋದ ಹುಡುಗನಿಗೆ ತನ್ನ ಪಾಲಿನ ಬಾದಾಮಿ ಹಾಲು ಕುಡಿಸಿ ಬೆಳೆಸಿದವನು. ಪೊಲೀಸ್ ಭರ್ತಿಗೆ ಬೆಳಗಾವಿಗೆ ಕರೆದೊಯ್ದು, ಮೈದಾನದ ಬೇಲಿಯಾಚೆ ನಿಂತು "ಓಡಲೇ ಕಾಡ್ಯಾ" ಎಂದು ಗಂಟಲು ಹರಿದುಕೊಂಡವನು. ಅವನನ್ನು ಗಲ್ಲಿಗೆ ತಲುಪಿಸುವ ಕೆಲಸ ತನ್ನ ಕೈಗೇ ಬಂದಿದೆಯಲ್ಲ ಎಂಬ ಸಂಕಟಕ್ಕೆ ಫೌಜದಾರನಿಗೆ ಮೂರು ದಿನದಿಂದ ಅನ್ನ ರುಚಿಸಿರಲಿಲ್ಲ.

ಸಂಕಟ ಒಂದೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದ. ಸಾಕ್ಷ್ಯವೂ ವಸ್ತಾದನ ಕಡೆಗೇ ಬೆರಳು ತೋರಿಸುತ್ತಿತ್ತು.

ಪಂಚಮಿ ಕಲ್ಲೆಂದರೆ ಜೋಳದ ಚೀಲದ ತೂಕದ ನುಣ್ಣನೆಯ ಉರುಟು ಕಲ್ಲು. ನಾಗರ ಪಂಚಮಿಯ ದಿನ ಅದನ್ನೆತ್ತಿ ಎದೆಮಟ್ಟದ ಕಟ್ಟೆಯ ಮೇಲಿಟ್ಟವನ ಹೆಸರಿನಲ್ಲಿ ಅದು ಅಲ್ಲೇ ಕೂರುತ್ತದೆ. ಇನ್ನೊಬ್ಬ ಗಂಡಸು ತೆಂಗಿನಕಾಯಿ ಒಡೆದು ಸವಾಲು ಹಾಕಿ ಎತ್ತುವವರೆಗೂ ಅದಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಕಸ ಗುಡಿಸುವವರ ಕಸಬರಿಗೆ ಕೂಡ ತಾಕಬಾರದು. ಹನ್ನೊಂದು ವರ್ಷದಿಂದ ಆ ಕಲ್ಲು ರಾವಸಾಹೇಬನ ಹೆಸರಿನಲ್ಲಿತ್ತು.

ಹಾಗಾಗಿ ಅದು ಕಟ್ಟೆಯಿಂದಿಳಿದು ಕಣದ ನಡುವೆ ಹೆಣದ ಮೇಲೆ ಕಂಡಾಗ ಊರಿನಲ್ಲಿ ಯಾರೂ ಎರಡನೇ ಯೋಚನೆ ಮಾಡಲಿಲ್ಲ. ಅವನ ಕಲ್ಲು, ಅವನೇ ಎತ್ತಿದ. ಮುಗಿಯಿತು. ಫೌಜದಾರನೂ ಅದೇ ಊರಿನ ಮಣ್ಣಿನಲ್ಲಿ ಹೊರಳಿದವನಾದ್ದರಿಂದ ಅವನ ತಲೆಗೂ ಬೇರೆಯದು ಹೊಳೆದಿರಲಿಲ್ಲ.

ಉರುಳಿಸಿದ್ದರೆ? ಅದನ್ನೂ ನೋಡಿದ್ದ. ಪಂಚಮಿಗೆಂದು ಕಣದ ಮಣ್ಣನ್ನು ಹಿಂದಿನ ದಿನವಷ್ಟೇ ಅಗೆದು, ಎಣ್ಣೆ ಮಜ್ಜಿಗೆ ಬೆರೆಸಿ ಮೆತ್ತಗೆ ಮಾಡಿದ್ದರು. ಕಟ್ಟೆಯಿಂದ ಹೆಣದವರೆಗೆ ಒಂಬತ್ತು ಅಡಿ. ಕಲ್ಲು ಉರುಳಿದ ಗುರುತು ಒಂದು ಗೇಣೂ ಇರಲಿಲ್ಲ. ಹೆಜ್ಜೆ ಗುರುತುಗಳನ್ನು ಟಿ.ವಿ. ಬಿಟ್ಟು ಓಡಿ ಬಂದ ಜನ ತುಳಿದು ಹಾಳುಗೆಡವಿದ್ದರು. ಒಟ್ಟಿನಲ್ಲಿ ಯಾರೋ ಆ ಕಲ್ಲನ್ನು ಎತ್ತಿಕೊಂಡೇ ನಡೆದಿದ್ದರು.

ಕಾರಣಕ್ಕೂ ಹುಡುಕಾಡಬೇಕಿರಲಿಲ್ಲ. ಒಂಬತ್ತು ವರ್ಷದಿಂದ ವಿರುಪಾಕ್ಷಪ್ಪ ತನ್ನ ಸಾರಾಯಿ ಅಂಗಡಿಯ ಮುಂದೆ ಎತ್ತರದ ಕುರ್ಚಿ ಹಾಕಿ ರಾವಸಾಹೇಬನನ್ನು ಕೂರಿಸಿದ್ದ. ಕುಡಿದಷ್ಟೂ ಪುಕ್ಕಟೆ. ಪೈಲವಾನ ಕುಡಿಯುವ ಅಂಗಡಿ ಎಂದು ರಾಯಬಾಗದ ಕಡೆಯಿಂದಲೂ ಗಿರಾಕಿಗಳು ಬಂದು, ಅವನ ಕೈ ಕುಲುಕಿ, ಬೆರಳು ನೊಂದು, ಖುಷಿಯಾಗಿ ಇನ್ನೊಂದು ಗ್ಲಾಸು ಕೇಳುತ್ತಿದ್ದರು. ಈ ವರ್ಷ ವಿರುಪಾಕ್ಷಪ್ಪನಿಗೆ ಇನ್ನೂ ದೊಡ್ಡ ತಮಾಷೆ ಬೇಕಾಯಿತು. ಈ ಪಂಚಮಿಗೆ ರಾವಸಾಹೇಬ ಮತ್ತೆ ಕಲ್ಲೆತ್ತುತ್ತಾನೆ ಎಂದು, ಅವನನ್ನೊಂದು ಮಾತೂ ಕೇಳದೆ, ಟೆಂಪೋ ಮೇಲೆ ಸ್ಪೀಕರು ಕಟ್ಟಿ ಬೇಡಕಿಹಾಳದವರೆಗೆ ಸಾರಿಸಿಬಿಟ್ಟ.

ಒಬ್ಬ ಗಂಡಸಿಗೆ ಸಿಟ್ಟು ಬರಲು ಅಷ್ಟು ಸಾಕು ಎಂದು ಮೇಲಧಿಕಾರಿಗಳು ಫೋನಿನಲ್ಲಿ ಹೇಳಿದ್ದರು.

ಆದರೆ ನೆಲಕ್ಕೇಕೆ ಕೂರುತ್ತಿಲ್ಲ?

ಕಾಡಸಿದ್ದ ಎದ್ದು ಲಾಕಪ್ಪಿನತ್ತ ನಡೆದ.

* * *

ರಾವಸಾಹೇಬ ಗೋಡೆಗಂಟಿದ ಕಲ್ಲಿನ ಕಟ್ಟೆಯ ಮೇಲೆ ಕಾಲಿಳಿಬಿಟ್ಟು ಕೂತಿದ್ದ. ಎದೆ ಇನ್ನೂ ಅಗಲವಾಗಿಯೇ ಇತ್ತು, ಮೀಸೆ ಇನ್ನೂ ಗದ್ದದವರೆಗೆ ಇಳಿದಿತ್ತು. ಹಣೆಯ ಮೇಲೆ ಬೆವರು. ಮೂರು ದಿನದಿಂದ ಸಾರಾಯಿ ಕಾಣದ ಬೆರಳುಗಳು ತೊಡೆಯ ಮೇಲೆ ಸಣ್ಣಗೆ ನಡುಗುತ್ತಿದ್ದವು. ಪಟಕ ಬಿಚ್ಚಿಹೋಗಿ ಹೆಗಲ ಮೇಲೆ ಜೋತು ಬಿದ್ದಿತ್ತು.

ಅದನ್ನು ನೋಡಿ ಫೌಜದಾರ ಬಾಗಿಲಲ್ಲೇ ನಿಂತ. ಪಟಕ ಸುತ್ತದೆ ಅಂಗಳಕ್ಕೂ ಇಳಿಯದ ಮನುಷ್ಯ ಇವನು.

"ವಸ್ತಾದ್ರ, ಕೋರ್ಟಿಗೆ ಹೋಗೂದೈತಿ. ಪಟಕಾ ಸುತ್ತಿಕೋರಿ."

"ಕೊಲಿ ಮಾಡಿದ ತಲಿಗೆ ಪಟಕಾ ಯಾಕಲೇ?"

"ಬರತಲಿಲೆ ಹೋಗ್ತೀರಿ?"

"ಹಗ್ಗಕ್ಕ ಬರತಲಿನ ಬೇಕಲ್ಲ." ರಾವಸಾಹೇಬ ನಕ್ಕ. ನಗು ಬೇಗ ಆರಿತು.

ಕಾಡಸಿದ್ದ ಒಳಗೆ ಬಂದು ಕೈ ಮುಂದೆ ಚಾಚಿದ. ರಾವಸಾಹೇಬ ಅದನ್ನು ಹಿಡಿದ. ಆ ಹಿಡಿತದಲ್ಲಿ ಫೌಜದಾರನ ಬೆರಳ ಗೆಣ್ಣುಗಳು ನೆಟಿಗೆ ಮುರಿದವು. ರವಿವಾರ ಸಂಜೆ ಇದೇ ಹಿಡಿತ, ಕಲ್ಲೆತ್ತುವ ಕಸುವು ಇನ್ನೂ ಇದೆ ಎಂದು ಅವನನ್ನು ನಂಬಿಸಿತ್ತು. ಇಂದು ಅವನು ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲಗೆ ಆ ಕೈಯನ್ನು ಮೇಲಕ್ಕೆ, ಹೆಗಲಿನ ಮಟ್ಟಕ್ಕೆ ಎತ್ತಿದ. ನಂತರ ಬಿಟ್ಟ.

ಕೈ ಬಿದ್ದುಹೋಯಿತು. ಇಳಿಸಿದ್ದಲ್ಲ. ಬಿದ್ದದ್ದು.

"ನಬಿಸಾಬ," ಫೌಜದಾರ ತಿರುಗದೆಯೇ ಕೂಗಿದ, "ದವಾಖಾನಿಗೆ ಓಡು. ಡಾಕ್ಟರಬಾಯಾರನ್ನ ಕರಕೊಂಡ ಬಾ. ಇದ್ದ ಕೆಲಸಾ ಬಿಟ್ಟ ಬರ್ರಿ ಅಂತ ಹೇಳು."

* * *

ಸರಕಾರಿ ದವಾಖಾನೆಯ ಡಾಕ್ಟರ್ ಶಹಜಾದಬಿ ಬಂದಾಗ ಒಂಬತ್ತಕ್ಕೆ ಐದು ನಿಮಿಷ ಕಡಿಮೆ. ಐವತ್ತು ದಾಟಿದ ಹೆಂಗಸು; ಮಾತು ಕಡಿಮೆ, ಕಣ್ಣು ಚುರುಕು.

"ನನಗೇನೂ ಆಗಿಲ್ರಿ," ಎಂದ ರಾವಸಾಹೇಬ.

"ಆಗಿಲ್ಲ ಅಂದ್ರ ಚಲೋನ ಆತಲ್ಲ. ಧೋತ್ರಾ ಸ್ವಲ್ಪ ಮ್ಯಾಲ ಸರಸ್ರಿ."

ಅವನು ಒಲ್ಲೆನೆಂದ. ಆಕೆ ಕೇಳಲಿಲ್ಲ. ಧೋತರ ಸರಿದಾಗ ಕಾಡಸಿದ್ದ ಮುಖ ಬೇರೆ ಕಡೆ ತಿರುಗಿಸಿದ. ಒಂದು ಕಾಲಕ್ಕೆ ಗರಡಿಯ ಹುಡುಗರು ಎರಡು ಕೈಯಲ್ಲೂ ಹಿಡಿಯಲಾಗದಿದ್ದ ತೊಡೆಗಳು. ಈಗ ಎಲುಬಿನ ಸುತ್ತ ಚರ್ಮ ಜೋಲುತ್ತಿತ್ತು. ಡಾಕ್ಟರು ತೊಡೆಯನ್ನು ಅದುಮಿದಾಗ ರಾವಸಾಹೇಬ ಹಲ್ಲು ಕಚ್ಚಿದ. ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು, ಅಂಗಾಲಿಗೆ ಸೂಜಿ ಮುಟ್ಟಿಸಿ "ಚುಚ್ಚಿದ್ದು ತಿಳೀತೈತಿ?" ಎಂದು ಕೇಳಿದರು. ತಿಳಿಯುತ್ತಿತ್ತು.

"ಮೆಟ್ಟಲಾ ಹತ್ತೂದ ಬಿಟ್ಟು ಎಷ್ಟ ದಿನಾ ಆತ್ರಿ?"

"ಯಾರ ಬಿಟ್ಟಾರ? ದಿನಾ ಹತ್ತತೇನಿ."

"ಮಲಗಿದಲ್ಲಿಂದ ನೀವ ಏಳತೀರಿ, ಯಾರರ ಎಬ್ಬಸತಾರೋ?"

ರಾವಸಾಹೇಬ ಕಿಟಕಿಯತ್ತ ನೋಡಿದ. ಡಾಕ್ಟರು ಚೀಲ ಮುಚ್ಚಿ ವರಾಂಡಕ್ಕೆ ಬಂದರು. ಕಾಡಸಿದ್ದ ಹಿಂದೆಯೇ ಬಂದ.

"ಸಾರಾಯಿ ಲಿವರ್ ಕೆಡಸೂದು ಎಲ್ಲಾರಿಗೂ ಗೊತ್ತೈತಿ," ಎಂದರು ಆಕೆ. "ಮಾಂಸಖಂಡಾ ತಿನ್ನೂದು ಭಾಳ ಮಂದಿಗೆ ಗೊತ್ತಿಲ್ಲ. ವರ್ಷಾನುಗಟ್ಟಲೆ ದಿನಾ ಕುಡದವಗ ಹಿಂಗ ಆಗತೈತಿ. ಮೊದಲ ದೊಡ್ಡ ಖಂಡ ಹೋಗತಾವ. ತೊಡಿ, ಟೊಂಕಾ, ಭುಜಾ. ಕುಂತಾಂವ ಏಳಾಕ ಆಗೂದಿಲ್ಲ, ಕೈ ತಲಿ ಮ್ಯಾಲ ಹೋಗೂದಿಲ್ಲ."

"ಮತ್ತ ಆ ಹಿಡತ? ನನ್ನ ಬೆರಳು ಮುರೀತಿದ್ದವಲ್ರಿ."

"ಮುಂಗೈ, ಬೆರಳು ಕಡೀಕ. ಅದಷ್ಟ ಉಳದೈತಿ. ಅದನ್ನ ನೋಡೇ ಊರು ಮೋಸ ಹೋಗೈತಿ, ನೀವೂ ಹೋಗೀರಿ."

ಅಂದರೆ ಆ ಕಲ್ಲನ್ನು ವಸ್ತಾದ ಎತ್ತಿಲ್ಲ. ಆದರೂ ಪೊಲೀಸ್ ಬುದ್ಧಿ ಸುಮ್ಮನಿರಬೇಕಲ್ಲ.

"ಉಪಾಸದಿಂದ ನಿತ್ರಾಣ ಆಗಿರಬಹುದಲ್ರಿ? ಇಲ್ಲಾ ನಾಟಕಾ?"

"ಮೂರ ದಿನದ ಉಪಾಸಕ್ಕ ತೊಡಿ ಹಿಂಗ ಕರಗೂದಿಲ್ಲ. ಇನ್ನ ನಾಟಕಾ..." ಡಾಕ್ಟರು ಕನ್ನಡಕ ತೆಗೆದರು. "ನನ್ನ ಕೈಯಾಗ ಆಗೂದಿಲ್ಲ ಅಂತ ನಾಟಕಾ ಮಾಡೋರನ್ನ ದಿನಾ ನೋಡತೇನಿ ಫೌಜದಾರ್ರ. ಆಗತೈತಿ ಅಂತ ನಾಟಕಾ ಮಾಡೋ ಮನಿಷ್ಯಾನ್ನ ಇವತ್ತ ಮೊದಲ ನೋಡಿದ್ದು."

"ಸುಧಾರಸತೈತೇನ್ರಿ?"

"ಹನಿ ಮುಟ್ಟಲಿಲ್ಲ ಅಂದ್ರ, ಹೊಟ್ಟಿ ತುಂಬ ತಿಂದ್ರ, ಆರ ತಿಂಗಳು ವರ್ಷದಾಗ ಭಾಳಷ್ಟು ತಿರುಗಿ ಬರತೈತಿ. ಆದ್ರ ಈಗ ಕೈ ನಡಗಾಕತ್ತಾವ, ಬೆವರು ಬಿಡಾಕತ್ತೈತಿ. ದಿನಾ ಕುಡಿಯೋರು ಒಮ್ಮೆಲೆ ಬಿಟ್ರ ಅಪಾಯ ಐತಿ. ಇವರನ್ನ ಇವತ್ತ ದವಾಖಾನ್ಯಾಗ ಇಡಬೇಕು, ಜೇಲಿನ್ಯಾಗ ಅಲ್ಲ."

"ಸರ್ಟಿಫಿಕೀಟ ಬರದ ಕೊಡ್ರಿ."

"ಎದ್ದು ನಿಲ್ಲೂದ ನಾ ಇನ್ನೂ ಕಣ್ಣಿಲೆ ನೋಡಿಲ್ಲ. ನೋಡದ ಹೆಂಗ ಬರೀಲಿ?"

ಗಡಿಯಾರ ಒಂಬತ್ತೂ ಇಪ್ಪತ್ತು. ಅಂಗಳದಲ್ಲಿ ಜೀಪಿನ ಡ್ರೈವರು ಬಾನೆಟ್ಟು ತೆರೆದು ನೀರು ಹಾಕುತ್ತಿದ್ದ.

* * *

ಕಾಡಸಿದ್ದ ಒಳಗೆ ಬಂದು ಬೂಟು ಬಿಚ್ಚಿದ. ಗರಡಿಗೆ ಹೋಗುವಾಗ ಬಿಚ್ಚುವಂತೆ, ಬಾಗಿಲ ಹೊರಗೇ ಬಿಚ್ಚಿಟ್ಟ. ಟೋಪಿ ತೆಗೆದು ನಬಿಸಾಬನ ಕೈಗೆ ಕೊಟ್ಟ. ಆಮೇಲೆ ರಾವಸಾಹೇಬನ ಎದುರು ನಿಂತ.

"ವಸ್ತಾದ್ರ, ಒಂದ ಬೈಠಕ್ ಹೊಡೀರಿ."

ರಾವಸಾಹೇಬನ ಮೀಸೆ ಅಲುಗಿತು. "ಏನಂದಿ?"

"ಒಂದ. ಕುಂತ ಎದ್ದ ನಿಂದರ್ರಿ, ಸಾಕು. ನನ್ನ ಕಡಿಂದ ದಿನಾ ಐದನೂರ ಹೊಡಸತಿದ್ರಿ. ನೀವ ಒಂದ ಹೊಡದ್ರ ನಾ ಇನ್ನೊಂದ ಮಾತ ಆಡೂದಿಲ್ಲ. ಕೈ ಹಿಡದ ಜೀಪ ಹತ್ತಸತೇನಿ."

"ಲೇ ಕಾಡ್ಯಾ, ಆರೋಪಿ ಮಾಡೀದಿ. ಮಂಗ್ಯಾ ಮಾಡಬ್ಯಾಡ."

"ಜೋಳದ ಚೀಲದ ಕಲ್ಲು ಎತ್ತಿದಾಂವಗ ತನ್ನ ಮೈ ಎತ್ತೂದು ಎಷ್ಟರದ್ರಿ?"

ಸವಾಲು ಹಾಕಿದರೆ ಬಿಡುವ ಜಾತಿಯಲ್ಲ ಪೈಲವಾನರದು. ಅದು ಕಾಡಸಿದ್ದನಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದ, ಹಾಕಿದ ಮೇಲೆ ತನ್ನ ನಾಲಗೆಯನ್ನು ಕಿತ್ತುಕೊಳ್ಳಬೇಕೆನಿಸಿತು.

ರಾವಸಾಹೇಬ ಎರಡೂ ಅಂಗೈಗಳನ್ನು ಕಟ್ಟೆಗೆ ಊರಿ ಮೈಯನ್ನು ಮುಂದಕ್ಕೆ ತಳ್ಳಿ ನಿಂತ. ಅಷ್ಟಕ್ಕೇ ಉಸಿರು ಏರಿತು. ಧೋತರ ಸರಿಪಡಿಸಿಕೊಂಡ. ಕಣದಲ್ಲಿ ಮಣ್ಣು ಮುಟ್ಟಿ ನಮಸ್ಕರಿಸುವವರ ಗಾಂಭೀರ್ಯದಲ್ಲಿ ಬಾಗಿಲ ಕಡೆ ಒಮ್ಮೆ ನೋಡಿ, ಮೊಣಕಾಲು ಮಡಿಚಿದ.

ಅರ್ಧಕ್ಕೆ ಕಾಲುಗಳು ಕೈಕೊಟ್ಟವು. ಇಡೀ ಮೈ ಧಡಕ್ಕನೆ ನೆಲಕ್ಕೆ ಬಿತ್ತು.

ನಬಿಸಾಬ ಓಡಿ ಬಂದ. "ಮುಟ್ಟಬ್ಯಾಡ್ರಿ," ಎಂದರು ಡಾಕ್ಟರು.

ರಾವಸಾಹೇಬ ಹೊರಳಿ ಮಂಡಿಯೂರಿದ. ಒಂದು ಕೈಯನ್ನು ಮೊಣಕಾಲ ಮೇಲಿಟ್ಟ, ಇನ್ನೊಂದನ್ನು ತೊಡೆಯ ಮೇಲೆ. ತನ್ನ ಮೈಯನ್ನು ತಾನೇ ಹತ್ತುವವನ ಹಾಗೆ ಅಂಗೈಗಳನ್ನು ಇಂಚಿಂಚೇ ಮೇಲಕ್ಕೆ ಸರಿಸಿದ. ಕತ್ತಿನ ನರ ಉಬ್ಬಿತು. ಟೊಂಕ ಒಂದು ಗೇಣು ಮೇಲೆದ್ದಿತು, ನಡುಗಿತು, ಮತ್ತೆ ಕುಸಿಯಿತು. ಎರಡನೇ ಸಲ. ಮೂರನೇ ಸಲ. ನಾಲ್ಕನೆಯದಕ್ಕೆ ಅವನು ಹಣೆಯನ್ನು ನೆಲಕ್ಕೆ ಹಚ್ಚಿ ಸುಮ್ಮನಾದ.

ಕಾಡಸಿದ್ದನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ನಾಚಿಕೆಯಾಗಲಿಲ್ಲ.

"ಯಾಕ್ರಿ ವಸ್ತಾದ್ರ? ಮಾಡಲಾರದ ಕೊಲಿಗೆ ಯಾಕ ಹೂಂ ಅಂದ್ರಿ?"

"ಕಲ್ಲ ಎತ್ತಿದ ರಾವಸಾಹೇಬ ಅಂತ ಗಲ್ಲಿಗೆ ಹೋಗತೇನಲೇ," ನೆಲದಿಂದ ದನಿ ಬಂತು. "ಎದ್ದ ನಿಲ್ಲಾಕ ಬರದ ರಾವಸಾಹೇಬ ಅಂತ ಮನಿಗೆ ಹೋಗೂದಿಲ್ಲ. ಉಂಡ್ರ ಸಂಡಾಸಕ್ಕ ಹೋಗಬೇಕು, ಕುಂತ್ರ ಏಳಾಕ ಬರೂದಿಲ್ಲ, ಅದಕ್ಕ ಉಣ್ಣಲಿಲ್ಲ. ಮುಚ್ಚಿ ಇಟ್ಟಿದ್ದೆ. ಮುಚ್ಚಿದ್ದೆಲ್ಲಾ ತಗದಿ. ಸಂತೋಷ ಆತ?"

ಡಾಕ್ಟರು ಮೇಜಿನ ಮೇಲೆ ಕಾಗದ ಇಟ್ಟು ಬರೆಯತೊಡಗಿದ್ದರು. ಭುಜ ಮತ್ತು ಸೊಂಟದ ಸ್ನಾಯುಗಳು ದೀರ್ಘಕಾಲದ ಮದ್ಯಪಾನದಿಂದ ಕ್ಷಯಿಸಿವೆ. ಈ ವ್ಯಕ್ತಿ ಇಂಥ ಭಾರವನ್ನು ಎತ್ತುವುದು ಅಸಾಧ್ಯ. ಸಹಿ ಹಾಕಿ, ಠಸ್ಸೆ ಒತ್ತಿ, ಫೌಜದಾರನ ಕೈಗಿತ್ತರು.

ಗೆದ್ದೆ ಎಂದುಕೊಂಡ ಕಾಡಸಿದ್ದ. ಒಂಬತ್ತೂ ಮುಕ್ಕಾಲು. ಇದನ್ನು ಮ್ಯಾಜಿಸ್ಟ್ರೇಟರ ಮುಂದಿಟ್ಟರೆ ಹೇಳಿಕೆಯ ಗತಿ ಅಲ್ಲಿಗೇ ಮುಗಿಯಿತು. ನಾಳೆಯಿಂದ ದವಾಖಾನೆ, ಹಾಲು, ಮೊಟ್ಟೆ. ಮುಂದಿನ ಪಂಚಮಿಗೆ ಈ ಮನುಷ್ಯ ತನ್ನ ಕಾಲ ಮೇಲೆ ನಡೆದು ಗರಡಿಗೆ ಬರಬಹುದು.

"ಆ ಕಾಗದಾ ಹರೀ."

ರಾವಸಾಹೇಬ ತಲೆ ಎತ್ತಿದ್ದ. ಮುಖದಲ್ಲಿ ಈಗ ಸಿಟ್ಟಿರಲಿಲ್ಲ. ಹೆದರಿಕೆಯಿತ್ತು. ಅಂಥ ಹೆದರಿಕೆಯನ್ನು ಆ ಮುಖದಲ್ಲಿ ಫೌಜದಾರ ಹುಟ್ಟಿದಾರಭ್ಯ ಕಂಡಿರಲಿಲ್ಲ.

"ವಸ್ತಾದ್ರ, ನಿಮ್ಮ ಜೀವಾ ಉಳೀತೈತಿ ಇದರಿಂದ."

"ನಿನ್ನ ಕಾಲ ಬೀಳತೇನೋ ಕಾಡಸಿದ್ದಾ. ಹರದ ಹಾಕೋ." ಅವನು ತೆವಳಿಕೊಂಡು ಮುಂದೆ ಬಂದು ಫೌಜದಾರನ ಬರಿಗಾಲನ್ನು ಹಿಡಿದ. "ನಾನ ಎತ್ತೇನಿ. ನಾನ ಕೊಂದೇನಿ. ಕೋರ್ಟಿನ್ಯಾಗ ನಿಂತ ಹೇಳತೇನಿ. ಇದೊಂದ ಹರೀ."

ಈ ಜನ್ಮದಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದವನು. ಬರೀ ಮಾನಕ್ಕಾಗಿ ಒಬ್ಬ ಮನುಷ್ಯ ಇಷ್ಟು ಬೇಡಿಕೊಳ್ಳುತ್ತಾನೆಯೇ? ಮಾನಕ್ಕಾಗಿ ಆಗಿದ್ದರೆ ಕಾಲು ಹಿಡಿಯುತ್ತಿದ್ದನೇ? ಕಾಡಸಿದ್ದನಿಗೆ ಎಲ್ಲೋ ತಪ್ಪಿದ್ದೇನೆ ಎನ್ನಿಸತೊಡಗಿತು.

"ಏನಾತ್ರಿ? ಏನೋ ಬಿದ್ದಂಗಾತಲ್ರಿ?"

ಬಾಗಿಲಲ್ಲಿ ಹೊಳೆವ್ವ ನಿಂತಿದ್ದಳು. ರಾವಸಾಹೇಬನ ಹೆಂಡತಿ. ನಲವತ್ತೈದರ ಆಸುಪಾಸಿನ, ಎತ್ತರವೂ ಅಲ್ಲದ ಗಿಡ್ಡವೂ ಅಲ್ಲದ ಹೆಂಗಸು. ಹೊರಗೆ ಬೇವಿನ ಗಿಡದ ಕೆಳಗೆ ಕೂತವಳು ಸದ್ದು ಕೇಳಿ ಬಂದಿದ್ದಳು. ಬುಟ್ಟಿ ಕೈಯಲ್ಲೇ ಇತ್ತು. ನೆಲದ ಮೇಲೆ ಬಿದ್ದಿದ್ದ ಗಂಡನನ್ನು ನೋಡಿದಳು.

"ಅಯ್ಯ, ಕೆಳಗ ಕುಂದರಸೀರೇನ್ರಿ ಇವರನ್ನ?"

"ಹೊಳೆವ್ವಾ, ಹೊರಗ ಹೋಗ!" ರಾವಸಾಹೇಬ ಚೀರಿದ. "ನನ್ನ ಮುಟ್ಟಬ್ಯಾಡ. ಹೋಗ ಅಂದ್ರ!"

ಅವಳು ಕೇಳಿಸಿಕೊಳ್ಳಲಿಲ್ಲ. ಬುಟ್ಟಿ ಪಕ್ಕಕ್ಕಿಟ್ಟು, ಸೆರಗನ್ನು ಟೊಂಕಕ್ಕೆ ಸಿಕ್ಕಿಸಿ, ಅವನ ಹಿಂದೆ ಹೋಗಿ ನಿಂತಳು. ಎರಡೂ ಕೈಗಳನ್ನು ಅವನ ಕಂಕುಳಲ್ಲಿ ತೂರಿಸಿ ಎದೆಯ ಮುಂದೆ ಬಿಗಿದಳು. ಮೊಣಕಾಲು ಬೆನ್ನಿಗೆ ಕೊಟ್ಟಳು.

"ಎತ್ತಬ್ಯಾಡ! ಹೊಳೆವ್ವಾ, ನಿನ್ನ ಕಾಲಿಗೆ ಬೀಳತೇನಿ, ಎತ್ತಬ್ಯಾಡ!"

"ಹೂಂ, ಏಳ್ರಿ."

ಒಂದೇ ಉಸಿರು. ಆ ದೊಡ್ಡ ಮೈ ನೆಲ ಬಿಟ್ಟು ಮೇಲೆದ್ದಿತು. ಅವನ ಪಾದಗಳು ನೆಲಕ್ಕೆ ಸರಿಯಾಗಿ ತಾಗುತ್ತಲೂ ಇರಲಿಲ್ಲ. ಹೊಳೆವ್ವ ಹಾಗೇ ಎತ್ತಿಕೊಂಡು ಕಟ್ಟೆಯವರೆಗೆ ನಡೆದು, ಸದ್ದಾಗದಂತೆ ಅವನನ್ನು ಕೂರಿಸಿದಳು. ಅಂಗಿಯ ಮಣ್ಣು ಝಾಡಿಸಿದಳು. ಹೆಗಲ ಮೇಲಿನ ಪಟಕ ತೆಗೆದು ಅವನ ತಲೆಗೆ ಸುತ್ತತೊಡಗಿದಳು. ಅವಳ ಉಸಿರು ಏರಿರಲಿಲ್ಲ.

ನಬಿಸಾಬನ ಕೈಯಿಂದ ಟೋಪಿ ಜಾರಿ ಬಿತ್ತು. ಡಾಕ್ಟರು ಪೆನ್ನಿನ ಮುಚ್ಚಳ ಹಾಕುವುದನ್ನು ಮರೆತು ನಿಂತರು.

"ಯಾಕ್ರಿ ಎಲ್ಲಾರೂ ಹಂಗ ನೋಡಾಕತ್ತೀರಿ?" ಹೊಳೆವ್ವ ಕೇಳಿದಳು. "ನಾಕ ವರ್ಷಾತು, ದಿನಾ ಮುಂಜಾನಿ ಸಂಜಿಕೆ ನಾನ ಎತ್ತತೇನಿ ಇವರನ್ನ."

ರಾವಸಾಹೇಬ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಕಾಡಸಿದ್ದನ ಕೈಯಲ್ಲಿ ಸರ್ಟಿಫಿಕೇಟಿತ್ತು. ವಸ್ತಾದನನ್ನು ಬಿಡಿಸುವ ಪ್ರತಿ ಸಾಲೂ ಈಗ ಇನ್ನೊಬ್ಬರ ಕೊರಳಿಗೆ ಬರುತ್ತಿತ್ತು. ಈ ಮನುಷ್ಯ ಹಸಿದು ನಿಂತದ್ದು ಯಾರಿಗಾಗಿ ಎಂದು ಅವನಿಗೆ ತಿಳಿಯಿತು, ತಿಳಿಯದಿದ್ದರೇ ಚೆನ್ನಾಗಿತ್ತು. ಪುಕ್ಕಟೆ ಸಾರಾಯಿ ಕುಡಿಸಿ ಅವಳ ಗಂಡನ ಮೈ ಕರಗಿಸಿದವನು, ಪಂಚಮಿಗೆ ಊರ ಮುಂದೆ ಅವನ ಮಾನ ತೆಗೆಯಲಿದ್ದವನು ವಿರುಪಾಕ್ಷಪ್ಪನೇ ಅಲ್ಲವೇ? ಕಾಗದ ಹರಿದರೆ ನಿರಪರಾಧಿ ಗಲ್ಲಿಗೆ ಹೋಗುತ್ತಾನೆ. ಹರಿಯದಿದ್ದರೆ, ಚಿಕ್ಕಂದಿನಲ್ಲಿ ತನ್ನ ತಟ್ಟೆಗೆ ಬೆಣ್ಣೆ ಹಾಕಿದ ಹೊಳೆವ್ವನ ಕೈಗಳಿಗೆ ಬೇಡಿ ಬೀಳುತ್ತದೆ. ಅಂಗಳದಲ್ಲಿ ಡ್ರೈವರು ಜೀಪು ಚಾಲೂ ಮಾಡಿ ಹಾರ್ನು ಹೊಡೆದ.

ಅವನು ಕೇಳಬಾರದೆಂದುಕೊಂಡ. ಆದರೂ ಕೇಳಿದ.

"ವೈನಿ, ರವಿವಾರ ಮುಂಜಾನಿ, ಎಲ್ಲಾರೂ ಟಿ.ವಿ. ನೋಡಾಕತ್ತಿದ್ರಲ್ಲ... ಅವಾಗ ನೀವ ಎಲ್ಲಿದ್ರಿ?"

ಹೊಳೆವ್ವನ ಕೈ ಪಟಕದ ಮೇಲೆ ನಿಂತಿತು. ಅವಳು ಫೌಜದಾರನತ್ತ ತಿರುಗಲಿಲ್ಲ. ಬಗ್ಗಿ, ಗಂಡನ ಮುಖದ ಮೇಲಿನ ಕೈಗಳನ್ನು ಒಂದೊಂದಾಗಿ ಸರಿಸಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲಗೆ ಕೇಳಿದಳು:

"ಹೇಳ್ಲೇನ್ರಿ?"